ವದೀಹ್ ಕಟ್ಟಿದ ಸರ್ವರ್

ನನ್ನ ತಮ್ಮ ವದೀಹ್‌ಗೆ ರೆಡಿಮೇಡ್ ಎಂಬ ಮಾತು ಕೇಳಿದರೇ ಮೈ ಉರಿಯುತ್ತದೆ. ಕಡಲೆ ಅರೆದು ಮಾಡುವ ಹುಮ್ಮುಸ್ ಕೂಡ ಅಂಗಡಿಯದಾದರೆ ಅವನ ಗಂಟಲಿನಲ್ಲಿ ಇಳಿಯುವುದಿಲ್ಲ. ಹಾಗಂತ ಅವನು ಒಂದು ದಿನವೂ ಕಡಲೆ ನೆನೆಹಾಕಿದ್ದನ್ನು ನಾನು ಕಂಡಿಲ್ಲ. ಅದಕ್ಕೆಲ್ಲ ಮೊದಲು ಅವನ ಹೆಂಡತಿ ಇದ್ದಳು, ಅವಳು ಬಿಟ್ಟುಹೋದ ಮೇಲೆ ನಾನಿದ್ದೇನೆ.

ನಮ್ಮಪ್ಪ ಬೈರೂತಿನ ಈ ಬೀದಿಯಲ್ಲಿ ಫೋಟೋ ಸ್ಟುಡಿಯೋ ನಡೆಸಿದವನು. ಯುದ್ಧಕ್ಕೆ ಮೊದಲು, ಯುದ್ಧದ ನಡುವೆ, ಯುದ್ಧ ಮುಗಿದ ಮೇಲೂ ಜನ ಅವನ ಮುಂದೆ ಕೂತರು. ಅವನು ಸತ್ತ ಮೇಲೆ ಆ ನೆಗೆಟಿವ್‌ಗಳನ್ನೆಲ್ಲ ಒಂದೊಂದಾಗಿ ಸ್ಕ್ಯಾನ್ ಮಾಡಿದವಳು ನಾನು. ಮೂರು ಚಳಿಗಾಲ ನನ್ನ ಕಣ್ಣು ಅದರಲ್ಲೇ ಹೋಯಿತು. ಆಮೇಲೆ ಊರಿನ ಬಂದರಿನಲ್ಲಿ ಸ್ಫೋಟವಾದ ದಿನ ಸ್ಟುಡಿಯೋದ ಗಾಜು ಪುಡಿಯಾಯಿತು, ಚಾವಣಿಯ ಟ್ಯಾಂಕ್ ಒಡೆದು ನೀರೆಲ್ಲ ನೆಗೆಟಿವ್ ಪೆಟ್ಟಿಗೆಗಳಿಗೆ ಇಳಿಯಿತು. ಅವು ಒಂದಕ್ಕೊಂದು ಅಂಟಿ, ನಾರಿ, ಕಸಕ್ಕೆ ಹೋದವು. ಉಳಿದದ್ದು ನನ್ನ ಸ್ಕ್ಯಾನ್‌ಗಳಿದ್ದ ಒಂದೇ ಒಂದು ಹಳೆಯ ಡಿಸ್ಕ್.

"ಫೈಲ್ ಇಡೋಕೆ ಎರಡು ಡಿಸ್ಕಿನ ರೆಡಿಮೇಡ್ ಪೆಟ್ಟಿಗೆ, ನ್ಯಾಸ್ ಅಂತಾರೆ, ಅಂಗಡೀಲೇ ಇದೆ ಕಣೋ. ಒಂದರಲ್ಲಿ ಇಟ್ಟಿದ್ದು ತಾನಾಗೇ ಇನ್ನೊಂದರಲ್ಲೂ ಕೂರುತ್ತೆ. ತಂದು ಪ್ಲಗ್ ಹಾಕಿದ್ರೆ ಮುಗೀತು," ಎಂದೆ.

"ಆ ಡಬ್ಬಾನಾ? ನನ್ನ ಕೈಗಡಿಯಾರಕ್ಕೆ ಅದಕ್ಕಿಂತ ಜಾಸ್ತಿ ಬುದ್ಧಿ ಇದೆ. ನಾನೇ ಕಟ್ತೀನಿ ಬಿಡು, ನಿಜವಾದ ಸರ್ವರ್ರು. ನಾಳೆ ಆರು ಡಿಸ್ಕ್ ಬೇಕಂದ್ರೂ ಹಾಕ್ಬಹುದು."

"ನಮ್ಮ ಹತ್ರ ಇರೋದು ಅಪ್ಪನ ಫೋಟೋ ಮಾರಾಯ, ಗೂಢಚಾರರ ಕಡತ ಅಲ್ಲ."

"ಬ್ಯಾಂಕನ್ನ ನಂಬಿದ್ವಿ, ಏನಾಯ್ತು? ಈಗ ಯಾರೋ ಬೀಗ ಹಾಕಿ ಕೊಟ್ಟ ಡಬ್ಬಾನ ನಂಬು ಅಂತೀಯಲ್ಲ ನುಹಾದ್!"

ಬ್ಯಾಂಕುಗಳು ಊರವರ ದುಡ್ಡೆಲ್ಲ ನುಂಗಿ ಕೂತ ಮೇಲೆ ಬೈರೂತಿನಲ್ಲಿ ಬ್ಯಾಂಕಿನ ಮಾತು ತೆಗೆದವನೇ ವಾದ ಗೆದ್ದ ಹಾಗೆ.

ಬಿಡಿಭಾಗಗಳು ದುಬೈಯಿಂದ ನೆಂಟರಿಷ್ಟರ ಸೂಟ್‌ಕೇಸುಗಳಲ್ಲಿ ಬರಬೇಕಿತ್ತು. ನಮ್ಮಲ್ಲಿ ಔಷಧಿ, ಮೊಬೈಲ್, ಮದುಮಗಳ ಚಪ್ಪಲಿ ಎಲ್ಲ ಹಾಗೇ ಬರುವುದು. ಈಸ್ಟರ್‌ಗೆ ಬಂದ ಚಿಕ್ಕಪ್ಪನ ಮಗ ಮದರ್‌ಬೋರ್ಡ್ ತಂದ. ಕ್ಯಾಬಿನೆಟ್ ಯಾರದೋ ಮದುವೆಯ ಜೊತೆ ಬಂತು. ಅಲ್ಲಿಯ ತನಕ ಹಳೆಯ ಡಿಸ್ಕನ್ನು ವದೀಹ್ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. "ತಿರುಗಿಸಿದಷ್ಟೂ ಸವೆಯುತ್ತೆ. ಯಾರೂ ಮುಟ್ಟೋ ಹಾಗಿಲ್ಲ," ಎಂದು ಅಪ್ಪಣೆ.

ಆ ದಿನಗಳಲ್ಲೇ ನಮ್ಮ ಬೀದಿಯ ಮುದುಕಿ, ಎಲ್ಲರೂ ಅಮ್ಮಾವ್ರು ಅನ್ನುವ ಹಾಗೆ ಸಿತ್ತ್ ಎಂದು ಕರೆಯುವ ಸಿತ್ತ್ ಮುಂತಹಾ, ನಮ್ಮ ಮೆಟ್ಟಿಲು ಹತ್ತಿ ಬಂದರು. ಅವರ ತಮ್ಮ ಜಿರ್ಯೆಸ್‌ನನ್ನು ಯುದ್ಧದ ಕಾಲದಲ್ಲಿ ರಸ್ತೆ ತಡೆದು ತಪಾಸಣೆಗೆ ನಿಂತ ಬಂದೂಕಿನವರು ಕಾರಿನಿಂದ ಇಳಿಸಿಕೊಂಡವರು ಮತ್ತೆ ಬಿಡಲಿಲ್ಲ. ಅವನ ಫೋಟೋ ಮನೆಯಲ್ಲಿ ಒಂದೇ ಇತ್ತಂತೆ. "ನಾನು ಹುಡುಕಿಸಿ ಕೊಡ್ತೀನಿ" ಎಂದ ಯಾವನೋ ಒಬ್ಬ ಅವರ ಬಳೆಗಳ ಜೊತೆ ಅದನ್ನೂ ತೆಗೆದುಕೊಂಡು ಹೋದನಂತೆ.

"ನಿಮ್ಮಪ್ಪ ತೆಗೆದ ಫೋಟೋ ಮಗಾ ಅದು. ನಿಮ್ಮ ಹತ್ರ ಇದ್ದೇ ಇರುತ್ತೆ," ಎಂದರು.

ಇತ್ತು. ನಾನೇ ಸ್ಕ್ಯಾನ್ ಮಾಡಿ ಹೆಸರು ಬರೆದಿದ್ದೆ. ಕಪಾಟಿನ ಕೀ ಕೇಳಲು ಕೈ ಚಾಚಿದೆ.

"ಈಗ ಬೇಡ," ಎಂದ ವದೀಹ್. "ಹೊಸ ಸರ್ವರ್ ಎದ್ದು ನಿಲ್ಲಲಿ ಸಿತ್ತ್ ಮುಂತಹಾ, ಗೋಡೆಯಷ್ಟು ದೊಡ್ಡದು ಮಾಡಿ ಕೊಡ್ತೀನಿ."

"ಐದು ನಿಮಿಷದ ಕೆಲಸ ಕಣೋ!"

"ಐದು ನಿಮಿಷದಲ್ಲೇ ಡಿಸ್ಕ್ ಸಾಯೋದು. ನಿಂಗೇನು ಗೊತ್ತು?"

ಆ ಮುದುಕಿ ನಮ್ಮಿಬ್ಬರ ಜಗಳ ಬಿಡಿಸುವವರ ಹಾಗೆ ಕೈ ಎತ್ತಿ, "ಪರವಾಗಿಲ್ಲ ಮಕ್ಕಳೇ, ನಾನು ಕಾಯೋದು ಕಲಿತಿದ್ದೀನಿ," ಎಂದು ಕಾಫಿ ಕುಡಿದು ಹೋದರು. ನನಗೆ ನಾಚಿಕೆಯಾಯಿತು. ಅವನು ಸ್ಕ್ರೂಡ್ರೈವರ್ ಹುಡುಕುತ್ತಿದ್ದ.

ಬೇಸಿಗೆಯಲ್ಲಿ ಎರಡು ಹೊಸ ಡಿಸ್ಕ್ ಬರಬೇಕಿತ್ತು. ಬಂದದ್ದು ಒಂದು. ಸೂಟ್‌ಕೇಸ್ ಭಾರ ಮೀರಿತೆಂದು ಚಿಕ್ಕಪ್ಪನ ಮಗ ಇನ್ನೊಂದನ್ನು ದುಬೈಯಲ್ಲೇ ಬಿಟ್ಟಿದ್ದ, ಹೆಂಡತಿಯ ಮಿಕ್ಸರ್ ಮಾತ್ರ ಬಿಟ್ಟಿರಲಿಲ್ಲ. ಕಾಯುವ ತಾಳ್ಮೆ ವದೀಹ್‌ಗೆ ಮುಗಿದಿತ್ತು. ಫೋಟೋಗಳನ್ನೆಲ್ಲ ಹೊಸ ಡಿಸ್ಕಿಗೆ ತುಂಬಿದ. ಆಮೇಲೆ ಹಳೆಯ ಡಿಸ್ಕನ್ನೇ ಒರೆಸಿ ಖಾಲಿ ಮಾಡಿ, ಅದನ್ನೇ ಹೊಸದಕ್ಕೆ ಜೋಡಿಯಾಗಿ ಕೂರಿಸಿದ.

"ಒರೆಸಿದ್ಯಾ?" ಎಂದೆ.

"ಈಗ ಹೊಸದರಿಂದ ಹಳೇದಕ್ಕೆ ತಾನಾಗೇ ನಕಲಾಗುತ್ತೆ. ನಾಳೆ ಬೆಳಿಗ್ಗೆ ಹೊತ್ತಿಗೆ ಎರಡು ಪ್ರತಿ. ನಿನ್ನ ಡಬ್ಬಾನೂ ಇದನ್ನೇ ತಾನೇ ಮಾಡೋದು?"

"ಅಲ್ಲಿ ತನಕ?"

"ಅಲ್ಲಿ ತನಕ ಊಟ ಮಾಡೋಣ."

ಊಟಕ್ಕೆ ಕೂತಾಗ, ಯಾವಾಗಲೋ ಒಮ್ಮೆ ಬರುವ ಸರಕಾರದ ಕರೆಂಟ್ ಬಂತು. ಸರಕಾರದ ಕರೆಂಟ್ ಬಂದರೆ ನಮ್ಮ ಬೀದಿಯಲ್ಲಿ ಯಾರೂ ಕುರ್ಚಿಯಲ್ಲಿ ಕೂರುವುದಿಲ್ಲ. ವಾಷಿಂಗ್ ಮಷಿನ್, ಇಸ್ತ್ರಿ, ನೀರಿನ ಹೀಟರ್ ಎಲ್ಲ ಒಟ್ಟಿಗೆ ಹಚ್ಚಬೇಕು, ಬೀದಿಯ ಜನರೇಟರ್ ಕೊಡುವ ಐದು ಆಂಪಿಯರಿನಲ್ಲಿ ಅವು ನಡೆಯುವುದಿಲ್ಲ. ವದೀಹ್ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಓಡಿದ. ವಾರದಿಂದ ತಣ್ಣೀರು ಮೈಗೆ ಹಾಕಿಕೊಂಡವನು, ಹೀಟರ್ ಹಚ್ಚಿ ಟವೆಲ್ ಹೆಗಲಿಗೇರಿಸಿದ.

ಸ್ವಲ್ಪ ಹೊತ್ತಿಗೇ ಸರಕಾರ ಕೈ ಕೊಟ್ಟಿತು. ಜನರೇಟರ್ ಎದ್ದಿತು, ಹಚ್ಚಿಟ್ಟಿದ್ದ ಹೀಟರಿನ ಭಾರ ತಾಳದೆ ನಮ್ಮ ಮನೆಯ ಟ್ರಿಪ್ ಸ್ವಿಚ್ ಬಿತ್ತು. ಅವನು ಒದ್ದೆ ಮೈಯಲ್ಲಿ ಹೋಗಿ ಎತ್ತಿದ, ಮತ್ತೆ ಬಿತ್ತು, ಮತ್ತೆ ಎತ್ತಿದ. ಅಷ್ಟೂ ಸಲ ಸರ್ವರ್ ಆರಿ ಹೊತ್ತಿತು. ಹೀಟರ್ ಆರಿಸಬೇಕೆಂದು ಹೊಳೆಯುವಷ್ಟರಲ್ಲಿ ಸರ್ವರ್ ಒಳಗಿಂದ ಟಿಕ್ ಟಿಕ್ ಎಂದು ಸದ್ದು ಶುರುವಾಗಿತ್ತು. ಯುಪಿಎಸ್ ಎಲ್ಲಿ ಎಂದು ಕೇಳಿದೆ. ಅದೂ ಮುಂದಿನ ಸೂಟ್‌ಕೇಸಿನಲ್ಲಿ ಬರುವುದಿತ್ತು.

ಹೊಸ ಡಿಸ್ಕ್ ಮತ್ತೆ ಬಾಯಿ ಬಿಡಲಿಲ್ಲ. ಹಳೆಯದರ ಮೇಲೆ ಅರ್ಧಂಬರ್ಧ ನಕಲು, ಒಂದೂ ತೆರೆಯಲಿಲ್ಲ. ರಿಪೇರಿಯವರು ಎರಡನ್ನೂ ನೋಡಿ ತಲೆ ಆಡಿಸಿ ವಾಪಸ್ ಕೊಟ್ಟರು. "ರೆಡಿಮೇಡ್ ಆಗಿದ್ರೂ ಹೀಗೇ ಆಗ್ತಿತ್ತು," ಎಂದ ವದೀಹ್. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಡಬ್ಬಾ ತಂದಿದ್ದರೆ ಎರಡೂ ಡಿಸ್ಕ್ ಅದರ ಜೊತೆಗೇ ಬರುತ್ತಿದ್ದವು. ಹಳೆಯದು ಕಪಾಟಿನಲ್ಲಿ ತನ್ನ ಪಾಡಿಗೆ ಇರುತ್ತಿತ್ತು.

ಸಿತ್ತ್ ಮುಂತಹಾ ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ಮತ್ತೆ ಬಂದರು. ಏದುಸಿರು ಬಿಡುತ್ತಿದ್ದರು.

"ದೊಡ್ಡದೇನೂ ಬೇಡ ಮಗಾ. ಸುಮ್ನೆ ಒಂದ್ಸಲ ಅವನ ಮುಖ ತೋರ್ಸು. ಬೆಟ್ಟದ ಕಡೆ ಮೂಳೆ ಸಿಕ್ಕಿವೆಯಂತೆ. ತಲೆಬುರುಡೇಲಿ ಹುಬ್ಬಿನ ಮೇಲೆ ಹಳೇ ಪೆಟ್ಟಿದೆಯಂತೆ. ನಮ್ಮ ಜಿರ್ಯೆಸ್ ಚಿಕ್ಕೋನಿದ್ದಾಗ ಬಾವಿ ಕಟ್ಟೆಗೆ ಹಣೆ ಬಡಿದ್ಕೊಂಡಿದ್ದ. ಆ ಕಲೆ ಯಾವ ಕಡೆ ಅಂತ ಮರ್ತೇ ಹೋಗಿದೆ ನಂಗೆ. ಅಕ್ಕ ಆಗಿ ಮರ್ತಿದ್ದೀನಿ ನೋಡು."

ನಾನು ನೆನಪು ಕೆದಕಿದೆ. ಅವನ ಕಾಲರ್ ನೆನಪಾಯಿತು, ಅಪ್ಪ ಎಲ್ಲರಿಗೂ ಕಟ್ಟುತ್ತಿದ್ದ ಸ್ಟುಡಿಯೋದ ಆ ಒಂದೇ ಪಟ್ಟೆ ಪಟ್ಟೆ ಟೈ ನೆನಪಾಯಿತು. ಹುಬ್ಬು ನೆನಪಾಗಲಿಲ್ಲ. ಫೋಟೋ ಹೋಯಿತೆಂದು ಹೇಳಲು ಬಾಯಿ ತೆರೆದೆ.

"ಎಡಗಡೆ," ಎಂದುಬಿಟ್ಟ ವದೀಹ್. ಆ ಫೋಟೋವನ್ನು ಜನ್ಮದಲ್ಲಿ ನೋಡದವನು. "ಮಷಿನ್ ಸ್ವಲ್ಪ ರಿಪೇರಿಗಿದೆ ಸಿತ್ತ್ ಮುಂತಹಾ, ಆದ್ರೆ ನಂಗೆ ಚೆನ್ನಾಗಿ ನೆನಪಿದೆ. ಎಡಗಡೆ."

ಮುದುಕಿ ಕುರ್ಚಿಗೆ ಕುಸಿದರು. ಆಮೇಲೆ ನಗತೊಡಗಿದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಆ ಬುರುಡೆಗೆ ಪೆಟ್ಟಿರೋದು ಬಲಗಡೆ ಮಗಾ. ಹಾಗಾದ್ರೆ ಅವನಲ್ಲ! ನಾಳೆ ರಕ್ತ ಕೊಡೋಕೆ ಬನ್ನಿ ಅಂದಿದ್ರು, ಆ ಮೂಳೆಗೆ ಹೊಂದುತ್ತಾ ನೋಡ್ತಾರಂತೆ. ಇನ್ಯಾಕೆ?"

"ಕೊಟ್ಟುಬಿಡಿ ಸಿತ್ತ್ ಮುಂತಹಾ," ಎಂದೆ. "ಇವನಿಗೆ ಏನೂ ಗೊತ್ತಿಲ್ಲ. ಫೋಟೋನೇ ಇಲ್ಲ, ಎಲ್ಲಾ ಹೋಯ್ತು!"

ಅವರು ನನ್ನ ಕೆನ್ನೆ ತಟ್ಟಿದರು. "ಜಗಳ ಆಡ್ಬೇಡಿ ಮಕ್ಕಳೇ," ಎಂದು ಎದ್ದು, ಕಂಬಿ ಹಿಡಿದು ಮೆಟ್ಟಿಲು ಇಳಿದರು. ಈ ಸಲ ಕಾಫಿಗೂ ನಿಲ್ಲಲಿಲ್ಲ. ಮನೆಗೆ ಹೋಗಿ ಜಿರ್ಯೆಸ್‌ನ ಹಾಸಿಗೆ ಬಿಸಿಲಿಗೆ ಹಾಕಬೇಕು ಎಂದರು.