ಕುಸುಮನ ಬದ

ಏಳು ಸಮುದ್ರದ ಆಚೆಯಲ್ಲ, ಕೀಳು ಸಮುದ್ರದ ಆಚೆಯೂ ಅಲ್ಲ. ಮಳವಳ್ಳಿ ಕಡೆಯಿಂದ ಪೂರಿಗಾಲಿಗೆ ಹೋಗುವ ಬಸ್ಸು ಏದುಸಿರು ಬಿಡುತ್ತಾ ಹತ್ತುವ ಒಂದು ದಿಬ್ಬದ ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೆ ಒಂದು ಹುಲ್ಲನ್ನು ಕಂಡರೆ ಹೊಟ್ಟೆಕಿಚ್ಚು. ಕಥೆಗಳಲ್ಲಾದರೆ ಕಿರಿಯ ರಾಣಿಯ ಕಣ್ಣು ಹಿರಿಯ ರಾಣಿಯ ಮುತ್ತಿನ ಸರದ ಮೇಲೋ ತೊಟ್ಟಿಲ ಕೂಸಿನ ಮೇಲೋ ಬೀಳುತ್ತದೆ. ರಂಜಿತ ರಾಣಿಯಲ್ಲ. ಅವಳ ಕಣ್ಣು ಬಿದ್ದದ್ದು ಗಂಡ ಶಶಿಧರನ ಇಳಿಜಾರು ರಾಗಿ ಹೊಲದ ನಡುವೆ ವಾರೆಕೋರೆಯಾಗಿ ಎದೆಮಟ್ಟ ಬೆಳೆದು ನಿಂತಿದ್ದ ಲಾವಂಚದ ಸಾಲಿನ ಮೇಲೆ.

ಅದನ್ನು ನೆಟ್ಟವಳು ಕುಸುಮ, ಶಶಿಧರನ ಮೊದಲ ಹೆಂಡತಿ. ಇಬ್ಬರಿಗೂ ಹೊಂದದೆ, ಎರಡೂ ಕಡೆಯ ಹಿರಿಯರು ಕೂತು ಮಾತಾಡಿ, ಅವಳು ಪೂರಿಗಾಲಿಯ ತವರಿಗೆ ಹೊರಟುಹೋಗಿದ್ದಳು. ಅವಳ ಸೀರೆ, ಪಾತ್ರೆ, ಹೊಲಿಗೆ ಮಿಷನ್ನು ಎಲ್ಲವೂ ಟೆಂಪೋ ಹತ್ತಿ ಹೋದವು. ಲಾವಂಚದ ಬದು ಮಾತ್ರ ಅವಳ ಹೆಸರಿನ ಸಮೇತ ಉಳಿಯಿತು. ಹಸು ಎಲ್ಲಿ ಎಂದರೆ ಶಶಿಧರ, "ಕುಸುಮನ ಬದದ ತಾವ ಕಟ್ಟಿವ್ನಿ" ಎನ್ನುತ್ತಿದ್ದ, ಊರಿನ ಅರಳಿಮರದ ಹೆಸರು ಹೇಳಿದಷ್ಟು ಸಲೀಸಾಗಿ. ಅತ್ತೆ ಮಲ್ಲಿಗಮ್ಮ ಆ ಲಾವಂಚದ ಬೇರು ತೊಳೆದು ಕುಡಿಯುವ ನೀರಿನ ಗಡಿಗೆಗೆ ಹಾಕುತ್ತಿದ್ದಳು. ಲೋಟ ಎತ್ತಿದರೆ ಅದೇ ತಂಪು ವಾಸನೆ. ರಂಜಿತ ಹಟ್ಟಿ ಮುಂದಿನ ನಲ್ಲಿಗೆ ಬಾಯೊಡ್ಡಿ ಕುಡಿಯುತ್ತಿದ್ದಳು.

"ಯಾಕವ್ವ, ಗಡ್ಗೆ ನೀರು ಚುಚ್ತದಾ?" ಎಂದಳು ಮಲ್ಲಿಗಮ್ಮ.

"ನೆಗಡಿ ಆಯ್ತದೆ, ಅತ್ತೆ."

"ಈ ಬ್ಯಾಸ್ಗೇಲಾ?"

ಆಷಾಢದಲ್ಲಿ ಶಶಿಧರ ಬಿತ್ತನೆ ರಾಗಿ ತರಲು ಮಳವಳ್ಳಿಗೆ ಹೋಗಿದ್ದ ದಿನ, ಪಕ್ಕದ ಹೊಲದಲ್ಲಿ ಬಂಡೆ ಎಬ್ಬಿಸುತ್ತಿದ್ದ ಜೆಸಿಬಿಯನ್ನು ರಂಜಿತ ಕೈಬೀಸಿ ಕರೆದಳು.

"ಬದ ಚೆಂದಾಗದಲ್ಲಕ್ಕ, ಯಾಕ್ ಕೀಳ್ಸೀರಿ?" ಡ್ರೈವರು ಕೇಳಿದ.

"ಆವು ಸೇರ್ಕಂಡದೆ. ಮೊನ್ನೆ ಇಷ್ಟುದ್ದ ಮಂಡಲದಾವು ನೋಡ್ದೆ."

ಹಾವೂ ಇರಲಿಲ್ಲ, ಅದರ ಪೊರೆಯೂ ಇರಲಿಲ್ಲ. ಲಾವಂಚ ಸುಲಭಕ್ಕೆ ಬರಲಿಲ್ಲ. ಒಂದೊಂದು ಬುಡವೂ ಮುಷ್ಟಿ ತುಂಬ ಮಣ್ಣು ಹಿಡಿದುಕೊಂಡೇ ಮೇಲೆದ್ದಿತು. ಬೇರಿನ ವಾಸನೆ ಹೊಲವೆಲ್ಲ ಹರಡಿದಾಗ ರಂಜಿತ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಒಣಗಿದ ಬುಡಗಳು ಬಚ್ಚಲ ಒಲೆ ಸೇರಿದವು.

ಗಂಡ ಬಂದು ನೋಡಿ ತಲೆ ಕೆರೆದುಕೊಂಡ. "ಓಗ್ಲಿ ಬುಡು, ಟ್ರಾಕ್ಟರು ತಿರುಗ್ಸಕ್ಕೆ ಜಾಗ ಆಯ್ತು." ಆ ಸಲ ರಾಗಿಯ ಸಾಲುಗಳು ದಿಬ್ಬದ ನೆತ್ತಿಯಿಂದ ರಸ್ತೆಯವರೆಗೆ ನೇರ ಇಳಿದವು. ನೋಡಲು ಬಾಚಿದ ತಲೆಯಂತೆ ಚೆಂದವಿತ್ತು. ರಂಜಿತಳ ತವರು ಕೊಪ್ಪದಲ್ಲಿ ನಾಲೆ ನೀರಿನ ಸಮತಟ್ಟು ಗದ್ದೆಗಳು. ಅಲ್ಲಿ ಬದು, ಅವರ ಬಾಯಲ್ಲಿ ತೆವರಿ, ಎಂದರೆ ನೀರು ನಿಲ್ಲಿಸಲು, ನಡೆದಾಡಲು. ಮಣ್ಣು ತಾನಾಗಿ ಎದ್ದು ನಡೆದುಹೋಗುವುದನ್ನು ಅವಳು ಕಂಡವಳೇ ಅಲ್ಲ.

ಪುಬ್ಬೆ ಮಳೆ ಒಂದು ಸಂಜೆ ಸುರಿದದ್ದೇ ಸಾಕಾಯಿತು. ಬೆಳಿಗ್ಗೆ ನೋಡಿದರೆ ರಾಗಿಯ ಸಾಲುಗಳೆಲ್ಲ ಕಾಲುವೆಗಳಾಗಿ, ಒಂದನ್ನೊಂದು ಕೂಡಿಕೊಂಡು, ಹೊಲದ ನಡುವೆ ಕರು ಬಿದ್ದರೆ ಕಾಣದಷ್ಟು ಕೊರಕಲು. ಮೇಲುಭಾಗದಲ್ಲಿ ಬರೀ ನೊರಜುಗಲ್ಲು ಹಲ್ಲು ಕಿರಿಯುತ್ತಿತ್ತು. ಪೈರು ರಸ್ತೆಯ ಚರಂಡಿಯಲ್ಲಿ ಬೇರು ಬೆಳ್ಳಗೆ ಬಿಟ್ಟುಕೊಂಡು ಮಲಗಿತ್ತು. ಡಾಂಬರಿನ ಮೇಲೆ ಪಾದ ಹೂಳುವಷ್ಟು ಕೆಂಪು ಕೆಸರು. ಬೈಕಿನವನೊಬ್ಬ ಕಾಲೂರಿ ನಿಂತು ಕೂಗಿದ:

"ಸಸಿಧರಣ್ಣೋ, ನಿನ್ನೊಲ ರಸ್ತೆಗೆ ಬಂದು ಕುಂತದೆ. ಒಳಿಕ್ ಕರ್ಕೊಳಪ್ಪೋ!"

ಶಶಿಧರ ನಗಲಿಲ್ಲ. ಮಲ್ಲಿಗಮ್ಮ ಚರಂಡಿಯಿಂದ ಒಂದು ಹಿಡಿ ಪೈರು ಎತ್ತಿ ಸೊಸೆಯ ಕೈಗಿಟ್ಟಳು.

"ಕುಸುಮುಂದು ಅಂತ ಕಿತ್ತೆ. ಓದ ಮಣ್ಣು ಯಾರ್ದವ್ವ? ವರ್ಸದ ಮುದ್ದೆ ಕಣೆ ಇದು. ಉಳ್ದಿರೋ ಅರ್ಧನೂ ಉತ್ರೆ ಮಳೆ ಬಂದ್ರೆ ಇಂಗೇ ಓಯ್ತದೆ."

ಅತ್ತೆಗೆ ಮೊದಲಿನಿಂದಲೂ ಗೊತ್ತಿತ್ತು. ರಂಜಿತಳ ಮುಖ ಕಾದ ಹೆಂಚಾಯಿತು.

"ಉತ್ರೆ ಉಯ್ಯೋದ್ರೊಳಗೆ ನೆಡ್ತೀನಿ. ನಾನೇ ನೆಡ್ತೀನಿ, ಮಾತು ಕೊಡ್ತೀನಿ."

"ಪಿಳ್ಳೆ ಎಲ್ಲದೆ, ಗೊತ್ತಲ್ಲ?"

ಗೊತ್ತಿತ್ತು. ಕುಸುಮ ತವರಿನ ಹಿತ್ತಲಿನಿಂದಲೇ ನೆಡುವ ಆ ಬೇರುಸಸಿಗಳನ್ನು ತಂದದ್ದು ಎಂದು ಊರಿಗೆ ಊರೇ ಹೇಳುತ್ತಿತ್ತು.

ಕುಸುಮಳನ್ನು ರಂಜಿತ ಮನಸ್ಸಿನೊಳಗೆ ಎಷ್ಟೋ ಸಲ ಸಿಂಗರಿಸಿದ್ದಳು. ಕೆಲವು ದಿನ ನೀಳ ಜಡೆ ಹೆಣೆದು, ಕೆಲವು ದಿನ ಕಣ್ಣಲ್ಲಿ ನೀರು ತುಂಬಿ. ಬಸ್ಸು ಹತ್ತಿ ಹೋಗಿ ನೋಡಿದರೆ, ಪೂರಿಗಾಲಿಯ ಜಗುಲಿಯಲ್ಲಿ ಹೊಲಿಗೆ ಮಿಷನ್ನಿನ ಹಿಂದೆ ಕೂತಿದ್ದವಳು ದುಂಡುಮುಖದವಳು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಫೋನಿನಲ್ಲಿ ಯಾರಿಗೋ ಬೈದು ನಗುತ್ತಿದ್ದಳು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದವಳ ಮುಖ. ರಂಜಿತಳಿಗೆ ಆ ನಿದ್ದೆಯ ಮೇಲೂ ಹೊಟ್ಟೆ ಉರಿಯಿತು.

"ನಾನು ರಂಜಿತ..."

"ಗೊತ್ತು ಕಣಮ್ಮ, ಫೋಟೋ ನೋಡಿವ್ನಿ. ಕೂತ್ಕೊ."

"ಲಾವಂಚದ ಪಿಳ್ಳೆ ಬೇಕಾಗಿತ್ತು."

ಮಿಷನ್ನು ನಿಂತಿತು. "ಬದ ಏನಾಯ್ತು?"

"ಕೀಳ್ಸುದ್ವಿ. ಆವಿತ್ತು."

ಕುಸುಮ ದಾರವನ್ನು ಹಲ್ಲಿನಲ್ಲಿ ಕಡಿದಳು. "ಆ ಆವಿನ ಎಸ್ರು ಕುಸುಮ ಅಂತಾ?"

ಕುಸುಮ ಗಹಗಹಿಸಿ ನಕ್ಕಳು. ಆ ನಗುವಿನಲ್ಲಿ ಕಹಿ ಇದ್ದಿದ್ದರೆ ರಂಜಿತಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಆವಯ್ಯ ಎಂಗವ್ನೆ ಅಂತ ನಾನು ಕೇಳಕಿಲ್ಲ, ನಂಗ್ ಬ್ಯಾಡ. ಮಣ್ಣು ಎಷ್ಟು ಓಯ್ತು, ಅದ ಏಳು."

ರಂಜಿತ ಹೇಳಿದಳು. ಕೊರಕಲು, ನೊರಜು, ಚರಂಡಿಯ ಪೈರು. ಕುಸುಮಳ ನಗು ಆರಿತು. ಎದ್ದು ಹಾರೆ ಹಿಡಿದು ಹಿತ್ತಲಿಗೆ ನಡೆದಳು. ಬುಡ ಅಗೆದು, ಪಿಳ್ಳೆ ಬಿಡಿಸಿ, ಗರಿ ಕತ್ತರಿಸಿ, ನೆನೆಸಿದ ಗೋಣಿಗೆ ತುಂಬಿದಳು.

"ನಾನೂ ಬರ್ಲಾ? ಸಾಲು ಎಲ್ ಬಾಗ್ಬೇಕು ಅಂತ ತೋರಿಸ್ತೀನಿ."

"ಬ್ಯಾಡ!" ಎಂದಳು ರಂಜಿತ, ಕೋಳಿ ಬೆದರುವಷ್ಟು ಜೋರಾಗಿ.

ಕುಸುಮ ಗೋಣಿಯ ಬಾಯಿ ಕಟ್ಟಿದಳು. "ಅಂಗಾದ್ರೆ ಕೇಳ್ಕೊ. ಅಗ್ಗ ಎಳೆದು ನೆಟ್ಟಗೆ ನೆಡ್ಬ್ಯಾಡ. ದಿಬ್ಬಕ್ಕೆ ಅಡ್ಡಡ್ಡ ನಡಿ. ಕಾಲು ಏರಬಾರ್ದು, ಇಳೀಬಾರ್ದು. ಸಮ ಎಲ್ಲಿ ಓಯ್ತದೋ ನೀನೂ ಅಲ್ಲೇ ಓಗು. ಸಂದು ಬುಟ್ಟೀಯೆ, ನೀರು ಅಲ್ಲೇ ನುಗ್ತದೆ."

ಮರುದಿನ ಶಶಿಧರ ಹಗ್ಗ, ಗೂಟ ಹಿಡಿದು ಹೊಲಕ್ಕೆ ಬಂದ. ರಂಜಿತ ಗೂಟ ಕಿತ್ತು ಪಕ್ಕಕ್ಕೆಸೆದಳು. ಚಪ್ಪಲಿ ಬಿಟ್ಟು, ಪಾದಕ್ಕೆ ನೆಲ ಏನು ಹೇಳುತ್ತದೆಂದು ನೋಡುತ್ತಾ ಅಡ್ಡಕ್ಕೆ ನಡೆದಳು. ಹೆಜ್ಜೆ ಇಳಿಯಿತೆನಿಸಿದರೆ ಹಿಂದೆ ಬಂದು ಮತ್ತೆ ನಡೆದಳು. ಪಾದ ಬಾಗಿದ ಕಡೆ ಸಾಲೂ ಬಾಗಿತು. ಅದು ಹಳೆಯ ಬದುವಿನ ಜಾಗವೇ ಆಗಿತ್ತೋ ಏನೋ, ಅವಳು ಕೇಳಲಿಲ್ಲ.

ತೆಂಕಲ ಆಕಾಶ ಕಪ್ಪಾಗತೊಡಗಿದಾಗ ಶಶಿಧರ ಗೋಣಿಗೆ ಕೈ ಹಾಕಿದ. "ತತ್ತಾ ಇತ್ಲಾಗೆ, ನಾನೂ ನಾಕು ನೆಡ್ತೀನಿ. ಮಳೆ ಬಂದ್ಬುಡ್ತದೆ."

"ಮುಟ್ಬ್ಯಾಡಿ!"

"ಏನ್ ಇವ್ಳು, ಬಂಗಾರ ಊಣ್ತಾವ್ಳಾ?"

"ಬುಡ್ಲಾ ಅವ್ಳ ಪಾಡ್ಗೆ ಅವ್ಳ," ರಸ್ತೆಯ ಅಂಚಿನಿಂದ ಮಲ್ಲಿಗಮ್ಮ ಗದರಿದಳು. "ನೀನು ಕೊರಕಲಿಗೆ ಕಲ್ಲು ತುಂಬು ಓಗು."

ಅವನು ಕಲ್ಲು ಹೊತ್ತ. ಒಂದು ಪಿಳ್ಳೆಯನ್ನೂ ರಂಜಿತ ಬೇರೆ ಕೈಗೆ ಕೊಡಲಿಲ್ಲ. ಉಗುರಿನ ಸಂದಿಗೆಲ್ಲ ಕೆಮ್ಮಣ್ಣು ತುಂಬಿತು. ಗಾಳಿ ತಣ್ಣಗಾಯಿತು, ದೂರದ ತೆಂಗಿನ ತೋಟ ಮಳೆಯೊಳಗೆ ಮರೆಯಾಯಿತು. ಮೊದಲ ದಪ್ಪ ಹನಿಗಳು ಬೆನ್ನಿಗೆ ಬಿದ್ದಾಗ ಅವಳು ಕೊನೆಯ ಪಿಳ್ಳೆಯನ್ನು ಗುಣಿಗಿಟ್ಟು, ಮಣ್ಣೆಳೆದು, ಹಿಮ್ಮಡಿಯಿಂದ ಒತ್ತಿ ತುಳಿದಳು. ಮೇಲಿನಿಂದ ಇಳಿದು ಬಂದ ಒಂದು ಎಳೆ ಕೆಂಪು ನೀರು ಆ ಹಿಮ್ಮಡಿಯ ಗುರುತಿನೊಳಗೆ ಜಾರಿ, ತುಂಬಿ, ಅಲ್ಲೇ ನಿಂತಿತು.