ಬೇಗಂ ಅಕ್ಕನ ಪಾಲಿನ ಕೋಟೆ

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ, ಅತ್ತ ಕೆ.ಆರ್. ಪೇಟೆಯ ನಾರಾಯಣದುರ್ಗದವರೆಗೆ, ಎಲ್ಲೆಲ್ಲಿ ಒಂದು ಬೆಟ್ಟವಿದೆಯೋ, ಬೆಟ್ಟದ ಮೇಲೊಂದು ಮುರುಕು ಗೋಡೆಯಿದೆಯೋ, ಅಲ್ಲೆಲ್ಲ ನನ್ನ ಆಟೋ ಹೋಗಿದೆ. ಪಾಂಡವಪುರದ ಕುಂತಿ ಬೆಟ್ಟದ ನೆತ್ತಿಗೂ ಹತ್ತಿಸಿದ್ದೇನೆ. ಹಿಂದಿನ ಚಕ್ರ ಬಂಡೆಯ ಮೇಲೆ, ಮುಂದಿನ ಚಕ್ರ ಮೋಡದ ಮೇಲೆ. ನಂಬದವರು ಆಟೋವನ್ನೇ ಕೇಳಬಹುದು. ಕಿರಂಗೂರಿನ ಚಲುವಯ್ಯ ಬಂದ ಎಂದರೆ ಸ್ಟ್ಯಾಂಡಿನಲ್ಲಿ ಮಲಗಿದ ನಾಯಿಯೂ ಎದ್ದು ನಿಲ್ಲುತ್ತದೆ.

ಆದರೆ ಗಂಟಲಿನ ವಿಷಯದಲ್ಲಿ ವಜೀರ್ ಪಾಷಾನ ಮುಂದೆ ನಾನು ಏನೇನೂ ಅಲ್ಲ. ಅವನು ಕೋಟೆಯ ಗೈಡು. ರೈಲಿನಿಂದ ಇಳಿದ ಟೂರಿಸ್ಟರನ್ನು ನಾನು ತಂದು ಇಳಿಸುವುದು, ಅವನು ಕೋಟೆ ತೋರಿಸುವುದು; ಇಬ್ಬರ ತಲೆಯೂ ನರೆಯುವವರೆಗೆ ನಮ್ಮ ಬದುಕು ಹೀಗೇ ನಡೆದಿತ್ತು. ಅವನು ವಾಟರ್ ಗೇಟಿನಲ್ಲಿ ಬಾಯಿ ತೆರೆದರೆ ಕೆ.ಆರ್.ಎಸ್. ಅಣೆಕಟ್ಟೆಯ ಮೇಲಿನ ಕಾವಲುಗಾರ ಯಾರೋ ಕರೆದರು ಎಂದು ತಿರುಗಿ ನೋಡುತ್ತಿದ್ದ.

ಆ ಗಂಟಲಲ್ಲಿ ಗಡ್ಡೆ ಎದ್ದಿತು. ಸೋಮವಾರ ಆಪರೇಷನ್ ಎಂದರು ಮೈಸೂರಿನ ಡಾಕ್ಟರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಅಲ್ಲಿಯವರೆಗೆ ಮಾತಾಡಬಹುದೇ ಎಂದು ನಾನೇ ಕೇಳಿದ್ದೆ. "ಆಡಲಿ. ಬೇಗ ಸೋಲುತ್ತೆ ಅಷ್ಟೆ" ಎಂದಿದ್ದರು.

ಭಾನುವಾರ ಬೆಳಿಗ್ಗೆ, ಅವನಿಗೆ ಒಂದಿಷ್ಟು ಧೈರ್ಯ ಹೇಳೋಣ ಎಂದು ಹೋದೆ. ಪಾಷಾನ ಮನೆ ಕೋಟೆಯೊಳಗೇ, ಮಸೀದಿಯ ಹಿಂದಿನ ಗಲ್ಲಿಯಲ್ಲಿ. ಅವನ ಹೆಂಡತಿ ಶಾಹಜಹಾನ್ ಬೇಗಂ, ನನಗೆ ಬೇಗಂ ಅಕ್ಕ, ಬುರ್ಖಾ ತೊಟ್ಟು ಹೊಸಿಲಲ್ಲಿ ನಿಂತಿದ್ದಳು.

"ಚಲುವಣ್ಣ, ಆಟೋ ತಿರುಗ್ಸಿ. ಇವತ್ತು ನಾನು ಟೂರಿಸ್ಟು."

"ಯಾವೂರ್ಗಕ್ಕ?"

"ಯಾವೂರ್ಗೂ ಇಲ್ಲ. ಕೋಟೆ ನೋಡ್ಬೇಕು."

ನನಗೆ ನಗು ಬಂತು. "ಮದ್ವೆಯಾಗಿ ಬಂದಾಗ್ಲಿಂದ ಕೋಟೆ ವಳ್ಗೇ ಇದ್ದೀರಲ್ಲಕ್ಕ!"

"ಗೋಡೆ ನೋಡಿದೀನಿ. ಗೋಡೆ ಮೇಲೆ ಬಟ್ಟೆ ಒಣಗ್ಸಿದೀನಿ. ಇವ್ರ ಬಾಯಲ್ಲಿ ಕೇಳಿಲ್ಲ." ಒಳಗೆ ಮಂಚದ ಮೇಲೆ ಕೂತಿದ್ದ ಗಂಡನ ಕಡೆ ಕೈ ತೋರಿಸಿದಳು. "ಮನೇಲಿ ಇವ್ರು ಏನ್ ಮಾತಾಡಿದಾರೆ ಗೊತ್ತಾ? ಸಾಲನ್‌ಗೆ ಉಪ್ಪು ಕಮ್ಮಿ. ಫ್ಯಾನ್ ಹಾಕು. ಬಸ್, ಮುಗೀತು. ಊರೋರ್ಗೆಲ್ಲ ಹಂಚಿದ ದನೀಲಿ ನನ್ನ ಪಾಲೆಲ್ಲಿ? ನಾಳೆ ಕತ್ತರಿಸಿ ಬಿಸಾಕ್ತಾರೆ. ಇವತ್ತು ನಂಗೆ ಬೇಕು."

ಪಾಷಾ ತಲೆ ಎತ್ತಲಿಲ್ಲ. "ಏನ್ ನೋಡ್ತೀಯ ಬೇಗಂ, ಎಲ್ಲಾ ಕಲ್ಲು" ಎಂದ. ಒರಳಲ್ಲಿ ಮರಳು ತಿರುವಿದ ಹಾಗಿತ್ತು ದನಿ.

"ಕಲ್ಲೇ ತೋರ್ಸಿ. ಟೂರಿಸ್ಟ್ರಿಗೆ ಹೇಳೋ ಹಂಗೇ ಹೇಳ್ಬೇಕು. ಮನೆ ಮಾತು ಬೇಡ."

ವಾಟರ್ ಗೇಟಿನಲ್ಲಿ ಇಳಿದೆವು. ಪಾಷಾ ಅಂಗಿಯ ಕಾಲರ್ ಸರಿಮಾಡಿಕೊಂಡ. ಎಡಗೈ ಬೆನ್ನ ಹಿಂದೆ ಹೋಯಿತು, ಬಲಗೈ ಮುಂದೆ ಚಾಚಿತು.

"ಬನ್ನಿ ಮೇಡಂ. ತಲೆ ಜೋಪಾನ, ಮೆಟ್ಲು ಜಾರ್ತದೆ."

ಬೇಗಂ ಅಕ್ಕ ಮುಸುಕಿನೊಳಗೇ ನಕ್ಕಳು. ಹುಡುಗಿಯ ನಗು. ಪಾಷಾ ಮಾತ್ರ ನಗಲಿಲ್ಲ. "ಈ ಬಾಗಿಲಿಂದ ಕೋಟೆ ಜನ ನದಿಗಿಳೀತಿದ್ರು. ಗೋಡೆ ದಪ್ಪ ನೋಡಿ ಮೇಡಂ, ಹೊರಗೆ ಎಷ್ಟೇ ಬಿಸ್ಲಿರ್ಲಿ, ಇಲ್ಲಿ ಕೈಯಿಟ್ರೆ ತಂಪು..."

ನನ್ನ ನಾಲಿಗೆ ಸುಮ್ಮನಿರುವುದುಂಟೇ? "ಅಕ್ಕ, ಈ ಬಾಗ್ಲಲ್ಲಿ ಒಂದೇ ಸಲಕ್ಕೆ ನೂರು ಆನೆ ನುಗ್ತಿದ್ವು!"

"ಆನೇನಾ? ನಾನೇ ಬಗ್ಗಿ ಬಂದೆನಲ್ಲ ಚಲುವಣ್ಣ?"

"ಅವೂ ಬಗ್ಕೊಂಡೇ ಬಂದ್ವು ಕಣಕ್ಕ. ಅಂಗೆ ಕಲಿಸಿದ್ರು."

ಪಾಷಾ ಕಣ್ಣು ಮುಚ್ಚಿಕೊಂಡ. ಅವನ ವಿದ್ಯೆ ಬಾಯಿಪಾಠದ ವಿದ್ಯೆ. ನಡುವೆ ಕಡಿದರೆ ಕಡಿದಲ್ಲಿಂದ ಕೂಡಿಸಲು ಬರುವುದಿಲ್ಲ, ಮತ್ತೆ ತಲೆಯಿಂದಲೇ ಶುರುವಾಗಬೇಕು. ಟೂರಿಸ್ಟರ ಮುಂದೆ ಬೇಕೆಂದೇ ಬಾಯಿ ಹಾಕಿ, ಅವನು ಮತ್ತೆ "ಬನ್ನಿ ಮೇಡಂ" ಎನ್ನುವುದನ್ನು ನೋಡಿ ನಾನು ಜೀವಮಾನವಿಡೀ ನಕ್ಕಿದ್ದೇನೆ. ಈಗಲೂ ಅವನು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು, "ಬನ್ನಿ ಮೇಡಂ. ತಲೆ ಜೋಪಾನ..." ಎಂದ. ಈ ಸಲ "ಜೋಪಾನ" ಎಂಬಲ್ಲಿ ದನಿ ಒಡೆಯಿತು. ಕೆಮ್ಮಿದ. ಗೋಡೆ ಹಿಡಿದುಕೊಂಡ.

ಬೇಗಂ ಅಕ್ಕ ನನ್ನ ಕಡೆ ತಿರುಗಿದಳು. "ಚಲುವಣ್ಣ, ನಿಮ್ಮ ಆನೆ ನನ್ನ ಪಾಲಿನ ಮಾತು ತುಳೀತು."

ಏಳು ಜಿಲ್ಲೆಯ ಪೊಲೀಸರು ಒಟ್ಟಾಗಿ ಬಂದರೂ ಮುಚ್ಚದ ಬಾಯಿ ನನ್ನದು. ಹೆಗಲ ಟವೆಲ್ಲು ತೆಗೆದು ಹಲ್ಲಿನ ನಡುವೆ ಕಚ್ಚಿಕೊಂಡೆ.

ಅಲ್ಲಿಂದ ಸೆರೆಮನೆ. ನೆಲದೊಳಗೆ ಇಳಿದಂತಿರುವ ಕಮಾನುಗಳ ಕೋಣೆ. ಗೋಡೆಯಿಂದ ತೂತು ಕೊರೆದ ಕಲ್ಲಿನ ಚಪ್ಪಡಿಗಳು ಚಾಚಿಕೊಂಡಿವೆ. ಕೈಗೆ ಸರಪಳಿ ಹಾಕಿ ಕೈದಿಗಳನ್ನು ಇದಕ್ಕೆ ಕಟ್ಟುತ್ತಿದ್ದರು ಎಂದು ಪಾಷಾ ಪಾಠ ಒಪ್ಪಿಸಿದ. ಬೇಗಂ ಅಕ್ಕ ಒಂದು ಚಪ್ಪಡಿಯ ತೂತಿನ ಪಕ್ಕ ತನ್ನ ಮಣಿಕಟ್ಟು ಇಟ್ಟು ನೋಡಿದಳು. ಗಾಜಿನ ಬಳೆ ಕಲ್ಲಿಗೆ ತಾಗಿ ಸದ್ದಾಯಿತು.

"ಇಲ್ಲಿ ಸತ್ತೋರ ತಾಯಂದ್ರಿಗೆ ಯಾರ್ ಹೇಳಿದ್ರು?"

ಪಾಷಾ ತಡವರಿಸಿದ. "ಅದು ಪಾಠದಲ್ಲಿಲ್ಲ."

"ನಂಗೆ ಪಾಠದಲ್ಲಿ ಇಲ್ದಿದ್ದೇ ಬೇಕಿತ್ತು" ಎಂದಳು. ಜಗಳದ ದನಿಯಲ್ಲ. ಮೆಲ್ಲಗೆ, ಆ ಕಲ್ಲಿಗೆ ಹೇಳಿದಂತೆ.

ಮಸೀದಿ, ಮುರಿದ ಬುರುಜು, ಹುಲ್ಲು ಬೆಳೆದ ಕಂದಕ, ಗುಂಬಜ್, ಎಲ್ಲ ಆಯಿತು. ಒಂದೊಂದು ಜಾಗಕ್ಕೂ ಅವನ ದನಿ ಸವೆಯುತ್ತ ಬಂತು. ಗುಂಬಜ್‌ನ ಬೀಟೆ ಬಾಗಿಲಿನ ದಂತದ ಕೆತ್ತನೆಯನ್ನು ವಿವರಿಸುವಾಗ ನಾನು ತೀರ ಹತ್ತಿರ ಕಿವಿಯಿಡಬೇಕಾಯಿತು.

ಹೊರಗೆ ಆಟೋದಲ್ಲಿ ಕೂತು ಬೇಗಂ ಅಕ್ಕ ಮುಸುಕೆತ್ತಿದಳು. "ಸಾಕ್ರೀ. ಮನೆಗೋಗೋಣ. ಇದ್ದಿದ್ದೆಲ್ಲ ಕೊಟ್ರಿ."

ಪಾಷಾ ನನ್ನ ಭುಜ ತಟ್ಟಿ, ನದಿಯಾಚೆಯ ಕರಿಘಟ್ಟದ ಕಡೆ ಬೆರಳು ತೋರಿಸಿದ.

"ಬೆಟ್ಟ ಅತ್ತೀಯೇನ್ಲಾ? ಈ ಸ್ಥಿತೀಲಿ?" ಟವೆಲ್ಲು ತೆಗೆದು ಕೇಳಿದೆ.

"ನಡೀಲಾ." ಅದೊಂದೇ ಮಾತು.

ಕರಿಘಟ್ಟದ ಮೆಟ್ಟಿಲುಗಳು ಆವತ್ತು ನಾವು ಹತ್ತಿದಷ್ಟೂ ಹುಟ್ಟುತ್ತಿದ್ದವು. ದೇವಸ್ಥಾನಕ್ಕೆ ಹೊರಟ ಮುದುಕಿಯರು ನಮ್ಮನ್ನು ದಾಟಿ ಹೋದರು. ಪಾಷಾ ಮೂಗಿನಲ್ಲೇ ಉಸಿರಾಡುತ್ತ, ತುಟಿ ಬಿಗಿದು ಹತ್ತಿದ. ಬೇಗಂ ಅಕ್ಕ ಏನೋ ಕೇಳಲು ಬಾಯಿ ತೆರೆದಾಗ ಕೈಯಾಡಿಸಿ ತಡೆದ. ಖರ್ಚು ಮಾಡುವ ಜಾಗ ಇದಲ್ಲ ಎಂಬಂತಿತ್ತು ಆ ಕೈ.

ಮೇಲೆ, ದೇವಸ್ಥಾನದ ಹೊರಗಿನ ಬಂಡೆಯ ಮೇಲೆ ನಿಂತೆವು. ಕೆಳಗೆ ಲೋಕಪಾವನಿ ಬಂದು ಕಾವೇರಿಗೆ ಸೇರುತ್ತಿತ್ತು. ಕಬ್ಬಿನ ಗದ್ದೆ, ತೆಂಗು, ಅದರಾಚೆ ನೀರಿನ ನಡುವೆ ಪಟ್ಟಣ. ಅಷ್ಟು ದೊಡ್ಡ ಕೋಟೆ, ಇಲ್ಲಿಂದ ನೋಡಿದರೆ ಯಾರೋ ಒಲೆಗೆಂದು ಜೋಡಿಸಿಟ್ಟ ಕಲ್ಲುಗಳ ಹಾಗೆ. ಇಲ್ಲಿಂದ ಮದ್ರಾಸು, ಬೊಂಬಾಯಿ ಎರಡೂ ಕಾಣುತ್ತವೆ ಎಂದು ನಾನು ಟೂರಿಸ್ಟರಿಗೆ ಹೇಳುವುದು ಇದೇ ಬಂಡೆಯ ಮೇಲೆ. ಆವತ್ತು ಹೇಳಲಿಲ್ಲ.

ಪಾಷಾ ಕಾಲರ್ ಸರಿಮಾಡಿಕೊಂಡ. ಎಡಗೈ ಬೆನ್ನ ಹಿಂದೆ.

"ಬನ್ನಿ ಮೇಡಂ. ಆ ಜೋಡಿ ಮಿನಾರು ನೋಡಿ. ಅದರ ಹಿಂದೆ ಒಂದು ಗಲ್ಲಿ. ಗಲ್ಲೀಲಿ ಒಂದು ಹೆಂಚಿನ ಮನೆ. ಇಲ್ಲಿಂದ ಕಾಣಲ್ಲ. ಆದ್ರೂ ಅದೆ."

ಅವನು ಈ ಪಾಠ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಒಂದೊಂದು ಮಾತಿಗೂ ನಿಲ್ಲುತ್ತಿದ್ದ.

"ಆ ಮನೆಗೆ ನಾಗಮಂಗಲದಿಂದ ಒಬ್ಬ ಹೆಣ್ಮಗಳು ಬಂದ್ರು. ಶಾಹಜಹಾನ್ ಬೇಗಂ ಅಂತ ಹೆಸ್ರು. ಒಂದು ತಗಡಿನ ಪೆಟ್ಗೆ ತಂದಿದ್ರು. ಮನೆ ಸೋರ್ತಿತ್ತು. ಮಳೆ ಬಂದಾಗ ಪೆಟ್ಗೆ ಮೇಲೆ ಕೂತ್ಕೊಂಡು ನಗ್ತಿದ್ರು."

ಬೇಗಂ ಅಕ್ಕ ಬಂಡೆಯ ಮೇಲೆ ಕುಳಿತುಬಿಟ್ಟಳು.

"ಅವ್ರು ಹೊಲಿಗೆ ಹೊಲ್ದು ಮನೆ ನಡೆಸಿದ್ರು. ಮಗಳು ಓದಿದ್ಳು, ಮದುವೆಯಾಗಿ ಹೋದ್ಳು. ಅದಕ್ಕಿಂತ ಮುಂಚೆ..." ನಿಂತ. ಕೆಮ್ಮು ಬರುವುದೇನೋ ಎಂದುಕೊಂಡೆ. ಬರಲಿಲ್ಲ. "ಮುಂಚೆ ಒಬ್ಬ ಮಗ ಇದ್ದ. ತೊಟ್ಲಿಂದ ಇಳ್ದು, ಬಾಗ್ಲು ಹಿಡ್ಕೊಂಡು ನಿಲ್ಲೋದು ಕಲ್ತಿದ್ದ. ಜ್ವರದಲ್ಲಿ ಹೋದ. ಹಸೀಬ್ ಅಂತ."

ಆ ಹೆಸರು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದನ್ನು ನಾನು ಕಾಣೆ. ಮಗು ಹೋದ ದಿನ ಮಣ್ಣು ಮಾಡಿ ಬಂದ ಪಾಷಾ ಹೆಂಡತಿಯ ಎದುರು ಕೂತು ಒಂದಕ್ಷರ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಅವಳೂ ಕೇಳಲಿಲ್ಲ. ಬಾಯಿಗೆ ಬಂದದ್ದು ಒದರುವ ನಾನು ಕೂಡ ಅದೊಂದು ಹೆಸರನ್ನು ಆ ಹೊಸಿಲಿನ ಆಚೆಯೇ ಬಿಟ್ಟು ಒಳಗೆ ಹೋಗುತ್ತಿದ್ದೆ.

ಬೇಗಂ ಅಕ್ಕ ಅಳುತ್ತಿರಲಿಲ್ಲ. ಗಂಡನ ಮುಖ ನೋಡುತ್ತಿದ್ದಳು.

"ಇನ್ನೊಂದ್ಸಲ" ಎಂದಳು.

ಪಾಷಾ ಬಾಯಿ ತೆರೆದ. ಗಾಳಿಯಷ್ಟೇ ಬಂತು. ಗಂಟಲು ಹಿಡಿದುಕೊಂಡು ಮತ್ತೆ ಪ್ರಯತ್ನಿಸಿದ. ಕತ್ತಿನ ನರಗಳು ಉಬ್ಬಿದವು. ಗಾಬರಿಯಿಂದ ನನ್ನ ಕಡೆ ನೋಡಿದ. ನನ್ನ ಪರವಾಗಿ ನೀನಾದರೂ ಹೇಳೋ ಎಂಬಂತೆ. ನಾನು ತಲೆ ತಗ್ಗಿಸಿದೆ. ಅದು ನಾನು ಹೇಳುವ ಮಾತಲ್ಲ.

ಬೇಗಂ ಅಕ್ಕ ಎದ್ದು ಅವನ ಹತ್ತಿರ ಹೋಗಿ, ಗಂಟಲ ಮೇಲಿದ್ದ ಅವನ ಕೈಯನ್ನು ಬಿಡಿಸಿದಳು. ಅವನ ತುಟಿ ಮೂರನೆಯ ಸಲ ಆಡಿತು. ಸದ್ದಿಲ್ಲ. ಅವಳು ಆ ತುಟಿಗಳನ್ನೇ ನೋಡುತ್ತಿದ್ದಳು.

"ಕೇಳಿಸ್ತು" ಎಂದಳು.