ಬಾಟಲಿ ಮೇಷ್ಟ್ರ ಪುಸ್ತಕ

ಹೂವಿನ ಚಕ್ರ ಬಾಗಿಲಿಗಿಂತ ಅಗಲವಾಗಿತ್ತು. ವಿಭಾಗದಿಂದ ಬಂದ ಇಬ್ಬರು ಅದನ್ನು ಓರೆ ಮಾಡಿ, ತಿರುಗಿಸಿ, ಕೊನೆಗೆ ಒಂದು ಬದಿಯ ಹೂವೆಲ್ಲ ಹೊಸ್ತಿಲ ಮೇಲೆ ಉದುರಿಸಿ ಒಳಗೆ ತಂದರು. ಅದಕ್ಕೆ ಸುತ್ತಿದ್ದ ರಿಬ್ಬನ್ನಿನ ಮೇಲೆ ಸಿವಿಲ್ ಮತ್ತು ಪರಿಸರ ಎಂಜಿನಿಯರಿಂಗ್ ವಿಭಾಗದ ಹೆಸರಿತ್ತು, ಪ್ರೊಫೆಸರ ಹೆಸರು ಬಿರುದು ಪದಕಗಳ ಸಮೇತ ಇತ್ತು. ಸತ್ತವನ ಹೆಸರಿಗೆ ಜಾಗ ಸಾಲದೆ ಹೋಯಿತೇನೋ. ಗೋಡೆಗೊರಗಿ ಕೂತಿದ್ದ ಹೆಂಡತಿ ಅದನ್ನು ಪೂರ್ತಿ ಓದಿದಳು. ಶಾಲಿನಡಿ ಮಡಿಲಲ್ಲಿದ್ದ ನೀಲಿ ರಟ್ಟಿನ ಪುಸ್ತಕವನ್ನು ಇನ್ನಷ್ಟು ಒತ್ತಿ ಹಿಡಿದಳು.

ಸತ್ತವನು ಮೂವತ್ತೊಂದು ವರ್ಷ ಆ ವಿಭಾಗದ ಪ್ರಯೋಗಾಲಯದಲ್ಲಿ ಸಹಾಯಕ. ಪ್ರತಿ ಸೋಮವಾರ ನದಿಯಿಂದ ಬಾಟಲಿಯಲ್ಲಿ ನೀರು ತಂದು, ಅದರಲ್ಲಿ ಆಮ್ಲಜನಕ ಎಷ್ಟು ಕರಗಿದೆ ಎಂದು ಅಳೆದು ಬರೆಯುವುದು ಅವನ ಕೆಲಸ. ವಿದ್ಯಾರ್ಥಿಗಳು ಬಾಟಲಿ ಮೇಷ್ಟ್ರು ಎನ್ನುತ್ತಿದ್ದರು. ಅವನು ಅಳೆದ ನೀರಿನಲ್ಲಿ ಪ್ರೊಫೆಸರು ಈಜಿ ದಡ ಸೇರಿದರು. ಮುಂದಿನ ತಿಂಗಳು ಅವರಿಗೆ ಇನ್ನೊಂದು ಪ್ರಶಸ್ತಿ, ಎಲ್ಲಕ್ಕಿಂತ ದೊಡ್ಡದು. ಆದರೆ ಆ ಪ್ರಶಸ್ತಿ ಸಮಿತಿಯವರು ಕೊಂಚ ಕಿರಿಕಿರಿಯ ಜನ. ನದಿ ದಡದಲ್ಲಿ ಅಳತೆ ಬರೆದ ಮೂಲ ಪುಸ್ತಕವನ್ನೇ ನೋಡಬೇಕು ಎಂದಿದ್ದರು.

ಪ್ರೊಫೆಸರು ಶವದ ತಲೆಯ ಬಳಿ ನಿಂತು ಮಾತಾಡಿದರು. ಮೊದಲು ನದಿಯ ಬಗ್ಗೆ, ಆಮೇಲೆ ತಮ್ಮ ಸಂಶೋಧನೆಯ ಬಗ್ಗೆ, ಆಮೇಲೆ ಯಾವುದೋ ದೊಡ್ಡ ಸಭೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ ಬಗ್ಗೆ. ಹತ್ತು ನಿಮಿಷವಾದ ಮೇಲೆ ಸತ್ತವನು ನೆನಪಾದ. ನಿಷ್ಠಾವಂತ, ಒಂದು ದಿನವೂ ತಡವಾಗಿ ಬಂದವನಲ್ಲ ಎಂದರು. ಅಲ್ಲಿಗೆ ಮುಗಿಯಿತು.

ಮಾತು ಮುಗಿಸಿ ಅವರು ಸತ್ತವನ ಹೆಂಡತಿಯ ಮುಂದೆ ಬಗ್ಗಿದರು.

"ಈ ಹೊತ್ತಲ್ಲಿ ಕೇಳಬಾರದಮ್ಮ. ಆ ನೀಲಿ ಪುಸ್ತಕ ಮನೇಲೇ ಇದೆ ಅಂತ ನಿಮ್ಮ ಮಗಳು ಹೇಳಿದಳು."

ಮಗಳು ಅದೇ ವಿಭಾಗದಲ್ಲಿ ಓದಿ, ಈಗ ಅಲ್ಲೇ ಪಾಠ ಮಾಡುತ್ತಿದ್ದಳು. ಅವಳು ಅಪ್ಪನ ಕಾಲ ಬಳಿ ನಿಂತು ನೆಲ ನೋಡುತ್ತಿದ್ದಳು.

*

ಎಂಟು ವರ್ಷದ ಹಿಂದಿನ ಮಾತು. ಊರಿನ ಕೊಳಚೆ ನೀರನ್ನು ಶುದ್ಧ ಮಾಡಲು ಪ್ರೊಫೆಸರು ಹೊಸ ವಿಧಾನ ಕಂಡುಹಿಡಿದಿದ್ದರು. ಅದರಿಂದ ನದಿ ಚೇತರಿಸಿಕೊಂಡಿತೇ ಎಂದು ಎಲ್ಲರೆದುರು ಅಳೆಯುವ ದಿನ ಟೀವಿಯವರೂ ಬಂದಿದ್ದರು. ಅವತ್ತೊಂದು ದಿನ ಪ್ರೊಫೆಸರೇ ಪ್ಯಾಂಟು ಮಡಚಿ ನೀರಿಗಿಳಿದರು. ಗಂಡ ಮನೆಗೆ ಬಂದು ತಟ್ಟೆಯ ಮುಂದೆ ಕೂತು ನಗಲಾರದೆ ನಕ್ಕ.

"ಬಾಟಲಿ ಬಾಯಿಮಟ್ಟ ತುಂಬಬೇಕು ಕಣೇ, ಒಂದು ಗುಳ್ಳೆನೂ ಇರಬಾರದು. ಸಾಹೇಬ್ರು ಅರ್ಧ ತುಂಬಿ, ಕ್ಯಾಮೆರಾ ಮುಂದೆ ಹಿಡಿದು ಚೆನ್ನಾಗಿ ಅಲ್ಲಾಡಿಸಿದ್ರು. ಗಾಳಿಯೆಲ್ಲ ನೀರಿಗೆ ಸೇರ್ಕೊಳ್ತು, ಆಮ್ಲಜನಕದ ಲೆಕ್ಕ ಆರೂವರೆ ಬಂತು. ಅವರು ಹೋದ್ಮೇಲೆ ನಾನು ಸರಿಯಾಗಿ ತುಂಬಿ ನೋಡಿದೆ. ಬರೀ ಎರಡು. ಆ ನೀರಲ್ಲಿ ಮೀನೂ ಬದುಕಲ್ಲ."

"ಬರೆದ್ರಾ?"

"ಎರಡನ್ನೂ ಬರೆದೆ. ಪೆನ್ನಲ್ಲೇ ಬರೆದೆ."

ಪತ್ರಿಕೆಗಳಲ್ಲಿ ಬಂದದ್ದು ಆರೂವರೆಯೇ. ನದಿಗೆ ಮರುಜೀವ ಕೊಟ್ಟವರೆಂದು ಪ್ರೊಫೆಸರಿಗೆ ಮೊದಲ ಪದಕ ಬಂತು. ಗಂಡ ಒಂದು ದಿನ ಆ ನೀಲಿ ಪುಸ್ತಕವನ್ನು ಮನೆಗೆ ತಂದು ಬೀರುವಿನ ಮೇಲಿಟ್ಟ, ಮತ್ತೆ ಆ ಮಾತೆತ್ತಲಿಲ್ಲ. ಅವನಿಗೆ ಬೆನ್ನೆಲುಬೇ ಇಲ್ಲ ಎಂದು ಅವನ ಅಣ್ಣಂದಿರು ಆಡಿಕೊಂಡಾಗಲೆಲ್ಲ ಅವಳು ಬೀರುವಿನ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದಳು. ಅಂಕಿಗಳ ಪುಸ್ತಕ ತನಗೇನು ತಿಳಿದೀತು ಎಂದು ಎಂದೂ ಬಿಚ್ಚಿ ನೋಡಿರಲಿಲ್ಲ.

*

"ಕೊಡ್ತೀನಿ ಸರ್," ಎಂದಳು. "ಆ ದಿನದ ಪುಟ ಎಲ್ಲರ ಮುಂದೆ ಓದಿ. ಎರಡು ಸಾಲಿದೆ. ಎರಡನ್ನೂ ಓದಿ. ಇವರನ್ನ ಹೊರಗೆ ತಗೊಂಡು ಹೋಗೋಕೆ ಮುಂಚೆ ಓದಿ."

"ಬೇಡಮ್ಮ," ಎಂದು ಮಗಳು ಹತ್ತಿರ ಬಂದಳು. ಪ್ರೊಫೆಸರ ಮುಖ ಬಿಳಿಚೀತು ಎಂದು ಇವಳು ಕಾದಳು. ಅದೇನೂ ಆಗಲಿಲ್ಲ.

"ನೀವೇ ತೆಗೆದು ನೋಡಿಮ್ಮ," ಎಂದರು ಅವರು, ಮೆತ್ತಗೆ.

ಅವಳು ಹಾಳೆ ತಿರುವಿದಳು. ತಾರೀಖು ಸಿಕ್ಕಿತು. ಮೊದಲ ಸಾಲಿನಲ್ಲಿ ಆರೂವರೆ. ಎರಡನೆಯ ಸಾಲಿನಲ್ಲಿ ಎರಡು, ಅದರ ಮೇಲೊಂದು ಗೆರೆ. ಬರೆದದ್ದು ತಪ್ಪಾದರೆ ಉಜ್ಜಬಾರದು, ಕೆಳಗಿನ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಾರಣ, ಸಹಿ, ತಾರೀಖು ಹಾಕಬೇಕು. ಅದು ಪ್ರಯೋಗಾಲಯದ ಕಟ್ಟುನಿಟ್ಟು. ಎಲ್ಲ ಅಚ್ಚುಕಟ್ಟಾಗಿತ್ತು. 'ನಾನು ಬಾಟಲಿ ಸರಿಯಾಗಿ ತುಂಬಲಿಲ್ಲ. ಅಳತೆ ತಪ್ಪು.' ಕೆಳಗೆ ಗಂಡನ ಸಹಿ, ಬೇರೊಂದು ದಿನದ ತಾರೀಖು.

ಗೆರೆ ಎಳೆದ ಆ ತಾರೀಖು ಅವಳಿಗೆ ಬಾಯಿಪಾಠ. ಮಗಳಿಗೆ ಆ ವಿಭಾಗದಲ್ಲಿ ಸೀಟು ಸಿಕ್ಕ ದಿನ ಅದು. ಅವತ್ತು ಗಂಡ ಊಟ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿದ್ದ. ಖುಷಿಗೇ ಹೊಟ್ಟೆ ತುಂಬಿರಬೇಕೆಂದು ಅವಳು ತಮಾಷೆ ಮಾಡಿದ್ದಳು.

"ನಿನಗೆ ಗೊತ್ತಿತ್ತಾ?" ಎಂದು ಮಗಳನ್ನು ಕೇಳಿದಳು.

"ಅಪ್ಪನೇ ಹೇಳಿದ್ರು. ನಿನಗೆ ಹೇಳಬೇಡ ಅಂದಿದ್ರು."

ಅವಳಿಗೆ ಶವದ ಕಡೆ ನೋಡಲಾಗಲಿಲ್ಲ. ಸತ್ತವನ ಮೇಲೆ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯೂ ಆಯಿತು. ಮಗಳು ಬಗ್ಗಿ ಮಡಿಲಿನ ಪುಸ್ತಕ ಎತ್ತಿಕೊಂಡಳು. ಇವಳು ಹಿಡಿದುಕೊಳ್ಳಲಿಲ್ಲ. ಮಗಳು ಅದನ್ನು ಎರಡೂ ಕೈಯಲ್ಲಿ ಪ್ರೊಫೆಸರಿಗೆ ಕೊಟ್ಟಳು.

ಹೊರಗೆ ವಾಹನ ಬಂತು. ಹೆಗಲು ಕೊಡುವವರು ಬನ್ನಿ ಎಂದು ಯಾರೋ ಕರೆದರು. ಎಲ್ಲರಿಗಿಂತ ಮೊದಲು ಹೋದವರು ಪ್ರೊಫೆಸರೇ. ಬಲಗಡೆ ಹೆಗಲು ಕೊಟ್ಟರು, ಎಡಗಂಕುಳಲ್ಲಿ ನೀಲಿ ಪುಸ್ತಕ. ಮೆಟ್ಟಿಲು ಇಳಿಯುವಾಗ ಶವ ಅವರ ಕಡೆಗೆ ವಾಲಿತು. ಇನ್ನೊಂದು ಕೈಯನ್ನೂ ಕೊಡಿ ಎಂದು ಹಿಂದಿನವರು ಕೂಗಿದರು. ಅವರು ಎಡಗೈ ಬಿಚ್ಚಲಿಲ್ಲ. ಶವ ಇನ್ನಷ್ಟು ವಾಲಿತು, ಪುಸ್ತಕ ಮಾತ್ರ ಅಲುಗಲಿಲ್ಲ.